ಹಕ್ಕಿ ಚಿತ್ರದ ಉಗ್ರಾಣ

‘ನಾನು ಒಂದು ದಿನವೂ ನಂಬದ ಒಂದು ಜೀವವನ್ನು ನಂಬಬಹುದು ಎಂದು ಇವತ್ತು ಬರೆದುಕೊಡಬೇಕಾಗಬಹುದು.’

ಇಷ್ಟು ಬರೆದು ಶಾಂತಕುಮಾರಿ ಡೈರಿಯನ್ನು ಊಟದ ಚೀಲಕ್ಕೆ ತುರುಕಿ, ಮೊಳಕಾಲ್ಮೂರಿನ ನೇಕಾರರ ಸಂಘಕ್ಕೆ ಹೊರಟಳು. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ. ಆರು ತಿಂಗಳಿಂದ ತಾತ್ಕಾಲಿಕ. ಕಾಯಂ ಆಗುವುದೋ ಮನೆಗೆ ಹೋಗುವುದೋ ಇವತ್ತು ತೀರ್ಮಾನ.

ತೊಂದರೆ ಸಣ್ಣದು. ಕಳೆದ ವಾರ ಸಂಘದ ಲಿನಕ್ಸ್ ಸರ್ವರನ್ನು ಹೊಸ ಆವೃತ್ತಿಗೆ ಏರಿಸಿದಾಗ, ಸೀರೆ ಡಿಸೈನು ತೆರೆಯುವ ಹಳೆಯ ಪ್ರೋಗ್ರಾಮು ಉದುರಿಹೋಗಿತ್ತು. ಸರ್ವರಿನ ಸ್ವಂತ ಉಗ್ರಾಣದಲ್ಲಿ, ಅಂದರೆ ರೆಪೊಸಿಟರಿಯಲ್ಲಿ, ಅದು ಈಗ ಸಿಗುವುದಿಲ್ಲ. ಹುಡುಕಿದಾಗ ಹೊರಗಿನವರ ಉಗ್ರಾಣಗಳು ಮೂರು ಸಿಕ್ಕವು. ಯಾವುದನ್ನು ನಂಬಬಹುದೆಂದು ಅವಳು ಇವತ್ತು ಬರೆದುಕೊಡಬೇಕು.

ಕಾರ್ಯದರ್ಶಿ ಜಂಬುಲಿಂಗಪ್ಪನವರು ಸಲಹೆಗೆಂದು ಚಳ್ಳಕೆರೆಯ ಕಂಪ್ಯೂಟರ್ ಅಂಗಡಿಯ ಮುರುಗೇಶನನ್ನು ಕರೆಸಿದ್ದರು. ಡಿಸೈನಿಲ್ಲದೆ ಮಗ್ಗ ನಿಂತಿದ್ದ ರಾಧಮ್ಮ ಬಾಗಿಲಲ್ಲೇ ಕೂತಿದ್ದಳು.

“ಮೊದಲ್ನೇದು ಹಾಕ್ರಿ,” ಎಂದ ಮುರುಗೇಶ.

“ಅದು ಪ್ರೋಗ್ರಾಮು ಅಸಲಿನಾ ಅಂತ ಸಹಿ ನೋಡೋದನ್ನೇ ನಿಲ್ಸು ಅಂತೈತೆ ಸರ್.” ಶಾಂತಕುಮಾರಿಯ ದನಿ ಕೀಬೋರ್ಡು ದಾಟಲಿಲ್ಲ.

“ಚಿಲಕ ತೆಗೆದಿಟ್ಟು ಮಲ್ಕಳ್ರಿ ಅಂದಂಗಾತಲ್ಲೇ!” ರಾಧಮ್ಮ ನಕ್ಕಳು.

“ಹಂಗಾರೆ ಎರಡ್ನೇದು.”

“ಅದು ಕೇಳಿದ್ದರ ಜತಿಗೆ ಸರ್ವರಿನ ಸ್ವಂತ ನಲವತ್ತು ಸಾಮಾನೂ ಬದಲಾಯಿಸ್ತ…”

ಮಾತು ಮುಗಿಯುವಷ್ಟರಲ್ಲಿ ಮುರುಗೇಶ ಗುಂಡಿ ಒತ್ತಿಯೇಬಿಟ್ಟ. ಊಟಕ್ಕೆ ಬಂದ ನೆಂಟ ಒಲೆಯನ್ನೇ ಕಿತ್ತು ಮೂಲೆಗಿಟ್ಟ ಹಾಗಾಯಿತು. ಸರ್ವರು ಕಪ್ಪಗೆ ಕೂತುಬಿಟ್ಟಿತು. ಅದನ್ನು ಎಬ್ಬಿಸುವುದರಲ್ಲಿ ಶಾಂತಕುಮಾರಿಯ ಮಧ್ಯಾಹ್ನದ ಊಟ ಹೋಯಿತು.

“ನಿನ್ ಕೈಗುಣ ಸರಿಯಿಲ್ಲಮ್ಮ,” ಎಂದರು ಜಂಬುಲಿಂಗಪ್ಪ.

ಮೂರನೆಯದರಲ್ಲಿ ನಡೆಸುವವರ ಹೆಸರಿರಲಿಲ್ಲ. ಒಂದು ಹಕ್ಕಿಯ ಚಿತ್ರವಿತ್ತು: ಹತ್ತಿರದ ವರವು ಕಾವಲಿನ ಹುಲ್ಲುಗಾವಲಲ್ಲಿ ದನ ಮೇಯಿಸುವವರು ದಿನಾ ನೋಡುವ ಟಿಟ್ಟಿಭ.

“ಇದು ಯುರೋಪಿನ ಹಕ್ಕಿ,” ಎಂದ ಮುರುಗೇಶ. “ಮಾಡಿದೋನು ಜರ್ಮನಿಯೋನಿರ್ಬೇಕು.”

“ಹಂಗಾರೆ ಧೈರ್ಯ,” ಎಂದರು ಜಂಬುಲಿಂಗಪ್ಪ. “ನಮ್ಮ ಕಡೆಯೋರು ಮಾಡಿದ್ದಾಗಿದ್ರೆ ನಾನು ಮುಟ್ತಾನೂ ಇರ್ಲಿಲ್ಲ.”

ಶಾಂತಕುಮಾರಿ ಹಕ್ಕಿಯತ್ತ ನೋಡದೆ ಹೇಳಿದಳು. “ಸಹಿ ಸರಿಯೈತೆ ಸರ್. ಒಂದೇ ಪ್ರೋಗ್ರಾಮು, ಬೇರೇನೂ ಮುಟ್ಟಲ್ಲ. ಒಳಗೇನು ಬರೆದಾರೋ ಎಲ್ಲಾ ಬಿಚ್ಚಿ ತೋರ್ಸ್ಯಾರೆ. ಆದ್ರೆ ನಡೆಸೋರು ಒಬ್ರೇ. ಅವ್ರಿಗೆ ಜ್ವರ ಬಂದ್ರೆ, ಅಂಜಿಕೆ ಆದ್ರೆ…”

“ಒಂದೆಳೆ ಸುಟ್ಟು ವಾಸ್ನೆ ನೋಡೇ,” ಎಂದಳು ರಾಧಮ್ಮ. ಅಸಲಿ ರೇಷ್ಮೆಯನ್ನು ಅವಳು ಇಷ್ಟು ವರ್ಷ ಪತ್ತೆಮಾಡಿದ್ದು ಹಾಗೆಯೇ.

ಶಾಂತಕುಮಾರಿ ಸರ್ವರಿಗೆ ಮುಟ್ಟಿಸದೆ ಮೂಲೆಯ ಹಳೆಯ ಕಂಪ್ಯೂಟರಿನಲ್ಲಿ ಮೊದಲು ಹಾಕಿ ನೋಡಿದಳು. ಪರದೆಯ ಮೇಲೆ ನವಿಲಿನ ಸೆರಗು ಒಂದೊಂದೇ ಗರಿಯಾಗಿ ಬಿಚ್ಚಿಕೊಂಡಿತು. ರಾಧಮ್ಮ ಕೈಮುಗಿದಳು.

“ಬರಿಯಮ್ಮ: ಈ ಉಗ್ರಾಣವನ್ನು ಸಂಪೂರ್ಣ ನಂಬಬಹುದು.” ಜಂಬುಲಿಂಗಪ್ಪ ಬರೆಸಿ, ಅವಳ ಸಹಿ ಹಾಕಿಸಿಕೊಂಡು, ಕನ್ನಡಕ ಒರೆಸಿಕೊಂಡರು. “ಜರ್ಮನಿಯಾತ ಪುಕ್ಕಟೆ ಇಷ್ಟು ಮಾಡ್ತಾನೆ ಅಂದ್ಮೇಲೆ ನಮಗೆ ಕಾಯಂ ಆಳು ಯಾಕಮ್ಮ? ನಾಳೆಯಿಂದ ಬರೋದು ಬ್ಯಾಡ.”

“ಆ ಹಕ್ಕಿ, ಆ ಉಗ್ರಾಣ ನಂದು ಸರ್,” ಎಂದಳು ಶಾಂತಕುಮಾರಿ, ನೆಲ ನೋಡುತ್ತ. “ಕಾಲೇಜಿನಾಗಿದ್ದಾಗ ಅವ್ವನ ಮಗ್ಗಕ್ಕೆ ಅಂತ ಮಾಡಿದ್ದು. ಹೆಸರು ಹಾಕಾಕೆ ನಾಚಿಕೆ ಆತು.”

ಮುರುಗೇಶ ಕೆಮ್ಮಿದ. ಜಂಬುಲಿಂಗಪ್ಪನವರ ಮುಖ ನಕಲಿ ಜರಿ ಕೊಂಡು ತಂದವರ ಹಾಗಾಯಿತು.

“ನೀನಾ?” ಪತ್ರವನ್ನು ಎಳೆದುಕೊಂಡು ‘ನಂಬಬಹುದು’ ಎಂಬಲ್ಲಿ ಅಡ್ಡಗೀಟು ಹಾಕಿದರು. “ಲೇ ಮುರುಗೇಶ, ಮೊದ್ಲು ತೆಗಿ ಅದನ್ನ!”

ನವಿಲು ಮಾಯವಾಯಿತು. ರಾಧಮ್ಮನ ಮುಗಿದ ಕೈ ಹಾಗೇ ಇತ್ತು.

ಶಾಂತಕುಮಾರಿ ಚೀಲ ಎತ್ತಿಕೊಂಡು ಬಾಗಿಲ ತನಕ ಹೋದಳು. ಬೆಳಿಗ್ಗೆ ಬರೆದ ಡೈರಿ ಕೈಗೆ ಒತ್ತಿತು. ತಿರುಗಿ ನಿಂತಳು, ಈ ಸಲ ದನಿ ಬೀದಿಗೂ ಕೇಳಿಸಿತು.

“ಆ ಉಗ್ರಾಣ ಮಾಡಿದಾಕೀನ ನಂಬಬಹುದು ಸರ್.”