ಕೈ ಹಾಕಬಾರದ ಮೇಸ್ತ್ರಿ

ಮೇಸ್ತ್ರಿ ತನ್ನ ಮೊಮ್ಮಗಳಿಗೂ ಪಕ್ಕದ ಮನೆ ದರ್ಜಿಯ ಮಗನಿಗೂ ಕೊಡಬೇಕಾದ ಕೂಲಿ: ತಲೆಗೆ ಮೂರರಂತೆ ಒಟ್ಟು ಆರು ಸುತ್ತು ಕುದುರೆ ಸವಾರಿ. ಇವತ್ತಿನವರೆಗೂ ಒಂದು ಸುತ್ತೂ ಸಂದಾಯವಾಗಿಲ್ಲ. ಕುದುರೆಯ ಸೊಂಟ ಹಿಡಿದಿದೆ.

ನಲವತ್ತು ವರ್ಷ ಗೋಡೆ ಕಟ್ಟಿದವನು, ಅದರಲ್ಲಿ ಮೂವತ್ತು ವರ್ಷ ಕಟ್ಟಡ ಕೆಲಸಗಾರರ ಸಂಘ ಕಟ್ಟಿದವನು, "ಕೆಲಸ ಮಾಡುವವನಿಗೇ ಕೆಲಸದ ಮೇಲೆ ಹಕ್ಕು" ಎಂದು ಗಂಟಲು ಹರಿಯುವಂತೆ ಕೂಗಿದವನು. ಅಂಥವನು ಸ್ವಂತ ಮನೆಯಲ್ಲಿ ಕೂಲಿ ಬಾಕಿ ಉಳಿಸಿಕೊಂಡದ್ದು ಹೀಗೆ.

ಒಂದು ಶನಿವಾರ ಆ ಎರಡು ಮಕ್ಕಳು ನಡುಮನೆಯಲ್ಲಿ ಮರದ ತುಂಡು ಜೋಡಿಸುತ್ತಿದ್ದವು. ಮೊಮ್ಮಗಳ ಹೆಸರು ಬೇರೇನೋ ಇದೆ, ಆದರೆ ಕರೆಯುವುದು ಮೆಣಸು ಎಂದೇ. ಮೂರು ತುಂಬಲು ಇನ್ನೂ ಎರಡು ತಿಂಗಳಿದೆ. ದರ್ಜಿಯ ಮಗ ಬುಗುರಿಗೆ ಎರಡೂವರೆ. ಮಾತು ಕಮ್ಮಿ, ತಿರುಗಾಟ ಜಾಸ್ತಿ. ತುಂಡುಗಳನ್ನು ಇಟ್ಟಿಗೆಯ ಆಕಾರಕ್ಕೆ ಕೊಯ್ದು, ಉಜ್ಜಿ ನಯ ಮಾಡಿ ಕೊಟ್ಟವನು ಮೇಸ್ತ್ರಿಯೇ. ಮಕ್ಕಳು ಅವನ್ನು ಒಂದರ ನೆತ್ತಿಯ ಮೇಲೆ ಒಂದು ನೇರಕ್ಕೆ ಪೇರಿಸುತ್ತಿದ್ದವು. ಸಂದಿಯ ಮೇಲೆ ಸಂದಿ! ಹಾಗೆ ಕಟ್ಟಿದ ಗೋಡೆ ಸೀಳುತ್ತದೆ. ಗೋಡೆ ಕಟ್ಟುವವನ ಕಣ್ಣಿಗೆ ಇದಕ್ಕಿಂತ ಖಾರದ ಪುಡಿ ವಾಸಿ. ತಡೆಯಲಾರದೆ, "ನೀವು ತುಂಡು ಎತ್ತಿಕೊಡಿ, ನಾನು ಕಟ್ತೀನಿ, ಆಮೇಲೆ ನನ್ನ ಬೆನ್ನ ಮೇಲೆ ಮೂರು ಮೂರು ಸುತ್ತು ಸವಾರಿ" ಎಂದು ಕರಾರು ಮಾಡಿಕೊಂಡ. ತೂಗುಗುಂಡು ಬಿಟ್ಟು ನೋಡಿದರೂ ಕೂದಲೆಳೆಯಷ್ಟು ವಾಲದ ಗೋಡೆ ಎಬ್ಬಿಸಿದ. ಅದನ್ನು ನೋಡಿ ಮಕ್ಕಳೆರಡೂ ಬಾಯಿ ಬಡಿದುಕೊಂಡು ಅತ್ತವು.

ಅದೇ ಗಳಿಗೆಗೆ ಮಗಳು ಒಳಗೆ ಬಂದಳು. ಅವಳು ಬಸ್ ಕಂಡಕ್ಟರ್. ದಿನಕ್ಕೆ ನಾನೂರು ಜನರ ಸುಳ್ಳು ಕೇಳಿ ಪಳಗಿದ ಕಿವಿ.

"ಅಪ್ಪಾ, ಇದು ಯಾರ ಆಟ?"

"ಅವರದ್ದೇ ಕಣಮ್ಮಾ. ನಂದು ಬರೀ ಉಸ್ತುವಾರಿ."

"ಉಸ್ತುವಾರಿನಾ? ಕಂಟ್ರಾಕ್ಟರ್ ಆಗಿದ್ದೀಯ ನೀನು!"

(ಲಾಠಿ ಏಟಿಗೂ ಬಗ್ಗದ ಬೆನ್ನು ಆ ಒಂದು ಪದಕ್ಕೆ ಬಗ್ಗಿತು.)

"ಕಟ್ಟೋದೂ ಅವರೇ, ಬೀಳಿಸೋದೂ ಅವರೇ. ಯಾಕೆ ಬಿತ್ತು ಅಂತ ತಲೆ ಕೆರ್ಕೊಳ್ಳೋದೂ ಅವರೇ. ಇನ್ನೊಂದು ಸಲ ನೀನು ಕೈ ಹಾಕಿದ್ದು ಗೊತ್ತಾಯ್ತೋ, ಮೆಣಸಿಗೆ ಮುಂದಿನ ಸ್ಟಾಪು ಶಿಶುವಿಹಾರ. ಹೇಳಿದ್ದೀನಿ."

ಶಿಶುವಿಹಾರ! ಮೇಸ್ತ್ರಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮೆಣಸು ಹೋದರೆ ಆ ಮನೆಯಲ್ಲಿ ದಿನವಿಡೀ ಉಳಿಯುವುದು ಮೂರೇ ಮುಖ: ತನ್ನದು, ಹೆಂಡತಿಯದು, ಗಡಿಯಾರದ್ದು.

ಮರುವಾರದ ಶನಿವಾರ ಮೇಸ್ತ್ರಿ ಕುರ್ಚಿಯ ಮೇಲೆ ವಿಗ್ರಹದಂತೆ ಪ್ರತಿಷ್ಠಾಪನೆಗೊಂಡ. ಹೆಂಡತಿ ಅಡಿಗೆಮನೆಯ ಹೊಸಿಲ ಬಳಿ ಈರುಳ್ಳಿ ಹೆಚ್ಚುತ್ತಾ ಕಾವಲು ಕೂತಳು.

"ರೀ, ಕೈ ಎಲ್ಲಿ?"

"ಅಂಡಿನ ಕೆಳಗೇ ಇದೆ ಕಣೇ."

"ಅಲ್ಲೇ ಇರ್ಲಿ."

"ತಾತಂಗೆ ಮನೆ ಕಟ್ತೀವಿ," ಎಂದು ಮೆಣಸು ಘೋಷಿಸಿದಳು. ಮರದ ತುಂಡು, ಅಡಿಗೆಮನೆಯ ಸ್ಟೀಲ್ ಡಬ್ಬಗಳು, ಎರಡು ದಿಂಬು, ಹಳೇ ಪೇಪರಿನ ಕಟ್ಟು, ಅಜ್ಜಿಯ ಒಂದು ಚಪ್ಪಲಿ, ಎಲ್ಲವೂ ಕುರ್ಚಿಯ ಸುತ್ತ ಬಂದು ಬಿದ್ದವು. ಸಣ್ಣ ಡಬ್ಬದ ಮೇಲೆ ದೊಡ್ಡ ಡಬ್ಬ ಇಟ್ಟರು, ಢಮಾರ್. ಮತ್ತೆ ಇಟ್ಟರು; ಢಮಾರ್. ಮೂರನೆಯ ಸಲಕ್ಕೆ ಮೇಸ್ತ್ರಿಯ ಗಂಟಲಿಗೆ "ದೊಡ್ಡದು ಕೆಳಗೇ" ಎಂಬ ಮಾತು ಬಂದು ಅಡ್ಡ ನಿಂತಿತು. ಹೆಗಲ ಟವೆಲನ್ನು ಬಾಯಲ್ಲೇ ಎಳೆದು ಕಚ್ಚಿಕೊಂಡ. ಬಿದ್ದ ದೊಡ್ಡ ಡಬ್ಬವನ್ನು ಬುಗುರಿ ಒದ್ದು ನೋಡಿದ. ಮೆಣಸು ಅದರ ಮೇಲೆ ಕೂತು, ಕುಂಡಿ ಅಲ್ಲಾಡಿಸಿ ಪರೀಕ್ಷಿಸಿದಳು. ಅಲ್ಲಾಡಲಿಲ್ಲ. ಎದ್ದು, ಅದರ ಮೇಲೆ ಸಣ್ಣದನ್ನು ಇಟ್ಟಳು. ನಿಂತಿತು!

"ನೋಡಿದ್ಯೇನೇ! ನೋಡಿದ್ಯೇನೇ!" ಮೇಸ್ತ್ರಿಯ ಕಣ್ಣು ಒದ್ದೆ.

"ಈರುಳ್ಳಿ ಹೆಚ್ತಿರೋಳು ನಾನು, ಕಣ್ಣೀರು ನಿಮಗೆ."

ಗೋಡೆ ಮೊಣಕಾಲೆತ್ತರ ಬಂತು. ತಾತ ಆರಡಿ. ಮೆಣಸು ಗೋಡೆ ನೋಡಿದಳು, ತಾತನನ್ನು ನೋಡಿದಳು, ಮೂಗಿನೊಳಗೆ ಬೆರಳಿಟ್ಟು ಆಳವಾಗಿ ಯೋಚಿಸಿದಳು.

"ತಾತಾ, ಸಣ್ಣ ಆಗು."

"ಹೆಂಗಮ್ಮಾ ಆಗ್ಲಿ?"

"ಮಲ್ಕೋ," ಎಂದ ಬುಗುರಿ. ಅವನ ಆ ದಿನದ ಮೊದಲ ಮಾತು.

ಮೇಸ್ತ್ರಿ ದಂಗಾದ. ನಲವತ್ತು ವರ್ಷದಲ್ಲಿ ಎಂಥೆಂಥ ಇಂಜಿನಿಯರುಗಳನ್ನು ಕಂಡಿದ್ದ! ಮನೆ ಚಿಕ್ಕದಾದರೆ ಸೂರು ಏರಿಸಿದವರೇ ಎಲ್ಲ, ಮನೆಯವನನ್ನೇ ಮಡಚಿದವನು ಒಬ್ಬನೂ ಇರಲಿಲ್ಲ. ಕುರ್ಚಿ ಆಚೆ ಹೋಯಿತು, ಮೇಸ್ತ್ರಿ ನೆಲದ ಮೇಲೆ ಮುದುರಿಕೊಂಡ. ಸೂರಿಗೆಂದು ಹೊದಿಸಿದ ಬೆಡ್‌ಶೀಟು ಅವನ ಮುಖದ ಮೇಲೇ ಕುಸಿಯಿತು. ಮೆಣಸು ಒಳಗೆ ತೆವಳಿ, ತಡಕಾಡಿ, ತಾತನ ಬಲಗೈ ಹಿಡಿದು ಮೇಲಕ್ಕೆ ನಿಲ್ಲಿಸಿದಳು.

"ಕಂಬ. ಬೀಳಬೇಡ."

ಮುಷ್ಟಿ ಎತ್ತಿ ಅಭ್ಯಾಸವಿದ್ದ ಕೈ ಹದಿನೈದು ನಿಮಿಷ ಕದಲದೆ ನಿಂತಿತು. ಆಗ ಬೆಡ್‌ಶೀಟಿನ ಅಂಚು ಸರಿಯಿತು. ಒಳಗೆ ಇಣುಕಿದ್ದು ಮಗಳ ಮುಖ.

"ಏನಪ್ಪಾ ಈ ಕೈ?"

"ನಾನು ಹಾಕಿದ್ದಲ್ಲಮ್ಮಾ! ಅವರೇ ಎತ್ತಿ ನಿಲ್ಲಿಸಿದ್ದು. ಬೇಕಾದ್ರೆ ನಿಮ್ಮಮ್ಮನ್ನ ಕೇಳು."

"ಹೌದು ಕಣೇ," ಎಂದಳು ಹೆಂಡತಿ. "ಕಣ್ಣಾರೆ ಕಂಡ ನನಗೇ ನಂಬಿಕೆ ಬಂದಿಲ್ಲ."

ಮಗಳ ಮುಖ ಸಡಿಲವಾಯಿತು. "ಪರವಾಗಿಲ್ಲವೇ ಅಪ್ಪಾ! ಹಾಗಾದ್ರೆ ಶಿಶುವಿಹಾರ..."

"ಬೇಡ" ಎಂಬ ಪದವೊಂದು ಬಾಕಿ. ಗೆಲುವಿನ ಅಮಲಿನಲ್ಲಿ ಮೇಸ್ತ್ರಿ ಸುತ್ತ ಕಣ್ಣಾಡಿಸಿದ. ಮೂಗಿನಿಂದ ಗೇಣು ದೂರದಲ್ಲಿ ಮರದ ತುಂಡುಗಳ ಸಾಲು. ಸಂದಿಯ ಮೇಲೆ ಸಂದಿ, ಅದರ ಮೇಲೆ ಇನ್ನೊಂದು ಸಂದಿ. ಅವನ ಎಡಗೈ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕಿರುಬೆರಳು ಹೋಗಿ, ಒಂದೇ ಒಂದು ತುಂಡನ್ನು, ಒಂದೇ ಒಂದು ಅಂಗುಲ, ಸರಿಸಿತು.

ತುಂಡುಗಳು ಡಬ್ಬಕ್ಕೆ ಬಡಿದವು, ಡಬ್ಬ ಡಬ್ಬಕ್ಕೆ ಬಡಿಯಿತು, ಮುಚ್ಚಳವೊಂದು ಉರುಳುತ್ತಾ ಬಚ್ಚಲವರೆಗೆ ಹೋಗಿ ಗಿರಗಿರ ತಿರುಗಿ ಬಿತ್ತು.

"ತಾತ ಮುಟ್ಟಿದ," ಎಂದಳು ಮೆಣಸು.

ಮಗಳು ಸೊಂಟದ ಮೇಲೆ ಕೈಯಿಟ್ಟಳು. "ನಾನೇನೂ ಹೇಳಲ್ಲಪ್ಪಾ. ಕಟ್ಟಿದವರೇ ತೀರ್ಮಾನ ಮಾಡ್ಲಿ. ಮೆಣಸೂ, ಸೋಮವಾರದಿಂದ ಶಿಶುವಿಹಾರಕ್ಕೆ ಹೋಗ್ತೀಯಾ, ತಾತನ ಜೊತೆ ಇರ್ತೀಯಾ?"

ಎಷ್ಟೋ ಸಂಧಾನದ ಕೋಣೆಗಳ ಹೊರಗೆ ಬೀಡಿ ಸೇದುತ್ತಾ ತೀರ್ಪಿಗೆ ಕಾದವನು ಮೇಸ್ತ್ರಿ. ಈ ಸಲ ಬೆಡ್‌ಶೀಟಿನಿಂದ ಹೊರಬಂದು ನೆಲದ ಮೇಲೇ ಕಾದ. ಮಂಡಿಯೂರಿ ಕೂತಿದ್ದವನ ಸುತ್ತ ಮೆಣಸು ಒಂದು ಪ್ರದಕ್ಷಿಣೆ ಹಾಕಿ, ಬೆನ್ನಿಗೆ ಎರಡು ಗುದ್ದು ಗುದ್ದಿದಳು. ಗಟ್ಟಿಯಿತ್ತು.

"ತಾತ ಇರ್ಲಿ. ಮೇಸ್ತ್ರಿ ಬೇಡ. ತಾತ ಗೋಡೆ."

"ಗೋಡೆ," ಎಂದು ಬುಗುರಿ ಅನುಮೋದಿಸಿದ.

"ಒಪ್ಪಿಗೆನಾ ಅಪ್ಪಾ?"

"ಗೋಡೆಗೆ ಬಾಯಿರಲ್ಲ, ಅವರನ್ನೇನು ಕೇಳ್ತೀಯ?" ಎಂದಳು ಹೆಂಡತಿ, ಚಪ್ಪಲಿ ಹುಡುಕುತ್ತಾ.

ಅಂದಿನಿಂದ ದಿನಾ ಬೆಳಗ್ಗೆ ಒಂಬತ್ತಕ್ಕೆ ಮೇಸ್ತ್ರಿ ನಡುಮನೆಯಲ್ಲಿ ಅಂಗೈ, ಮೊಣಕಾಲು ಊರಿ ಗೋಡೆಯಾಗುತ್ತಾನೆ. ಅವನ ಬೆನ್ನ ಮೇಲೆಯೇ ಮಕ್ಕಳು ತುಂಡು ಪೇರಿಸುತ್ತವೆ, ಸಂದಿಯ ಮೇಲೆ ಸಂದಿ, ಅವನು ತಿರುಗಿ ನೋಡುವಂತಿಲ್ಲ. ರಜೆಯಿಲ್ಲ, ಪಾಳಿ ಬದಲಿಸಲು ಇನ್ನೊಬ್ಬನಿಲ್ಲ. ಹಾಯಾಗಿ ಒರಗಿ ಇದನ್ನು ಓದುತ್ತಿದ್ದೀರಲ್ಲ, ನಿಮ್ಮ ಬೆನ್ನ ಹಿಂದಿನ ಗೋಡೆಯನ್ನೂ ಇಂಥವನೊಬ್ಬನೇ ಕಟ್ಟಿದ್ದು. ಏಳಿ. ನಾಳೆ ಒಂಬತ್ತಕ್ಕೆ ಬಂದು ಒಂದು ಗಂಟೆಯ ಪಾಳಿಗೆ ಮೊಣಕಾಲೂರಿ. ಬಾಯಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ.