ಗಾಳಿಗೊಂದು ಪೆಟ್ಟಿಗೆ

ಆಂಪ್ಲಿಫೈಯರ್ ರಿಪೇರಿ ಮಾಡುವವನ ಮನೆಗೆ ಕೆಟ್ಟ ಯಂತ್ರಗಳು ಮಾತ್ರ ಬರುತ್ತವೆ ಎಂದುಕೊಂಡರೆ ತಪ್ಪು. ಯಂತ್ರದ ಹಿಂದೆ ಜನ ಬರುತ್ತಾರೆ, ಜನರ ಹಿಂದೆ ಇಂಥ ಪ್ರಸಂಗಗಳು ಬರುತ್ತವೆ. ತಡೆಯುವ ಉಪಾಯ ನನಗೆ ಈವರೆಗೆ ಸಿಕ್ಕಿಲ್ಲ.

ತೊಂಬತ್ತರ ದಶಕದಲ್ಲಿ ನಾನು ವಾರಕ್ಕೆ ಆರು ದಿನ ಮುಂಬಯಿ ಪಕ್ಕದ ಮಹಾಪೆಯ ಒಂದು ಕಾರ್ಖಾನೆಯಲ್ಲಿ ಮೀಟರು ಪರೀಕ್ಷಿಸುತ್ತಿದ್ದೆ. ಭಾನುವಾರ ಡೊಂಬಿವಲಿಯ ಮನೆಯಲ್ಲಿ ಆರ್ಕೆಸ್ಟ್ರಾದವರ ಆಂಪ್ಲಿಫೈಯರ್ ಬಿಚ್ಚಿಕೊಂಡು ಕೂರುತ್ತಿದ್ದೆ. ಈಗ ಹೇಳುವುದೆಲ್ಲ ಒಂದೇ ಸ್ಪೀಕರ್ ಪೆಟ್ಟಿಗೆಯ ಸಂಗತಿ.

ಅದರ ಒಡೆಯ ಕಲ್ಯಾಣದ ಒಬ್ಬ ಗಿಟಾರಿಸ್ಟ್. ಅಪ್ಪ ಕುಂದಾಪುರದ ಕಡೆಯವರು, ಹೋಟೆಲಿನಲ್ಲಿದ್ದರು. ಮಗ ಇಲ್ಲೇ ಹುಟ್ಟಿದವನು, ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದ. ವಯಸ್ಸು ಮೂವತ್ತು ದಾಟಿತ್ತು. ಠಾಣೆಯ ಒಂದು ಆರ್ಕೆಸ್ಟ್ರಾದಲ್ಲಿ ನುಡಿಸುವುದು ಬಿಟ್ಟರೆ ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಅವನ ಆಂಪ್ಲಿಫೈಯರ್ ಚೆನ್ನಾಗಿತ್ತು, ಸ್ಪೀಕರೂ ಚೆನ್ನಾಗಿತ್ತು. ಆದರೆ ಸ್ಪೀಕರ್ ಕೂರಿಸಿದ್ದ ಪೆಟ್ಟಿಗೆ ಮರದ ಹುಡಿ ಒತ್ತಿ ಮಾಡಿದ ಹಲಗೆಯದು. ಒಂದು ಮಳೆಗಾಲ ಕಳೆಯುವುದರೊಳಗೆ ಅದು ನೆನೆದ ಬಿಸ್ಕತ್ತಿನಂತೆ ಉಬ್ಬಿತ್ತು. ಗಿಟಾರ್ ಮೀಟಿದರೆ ಸೊಳ್ಳೆ ಕೂಗಿದ ಹಾಗೆ ಕೇಳುತ್ತಿತ್ತು.

ಅದೇ ಹೊತ್ತಿಗೆ ಆರ್ಕೆಸ್ಟ್ರಾದ ಮಾಲೀಕರು ಹೊಸ ಕೀಬೋರ್ಡ್ ಕೊಂಡಿದ್ದರು. ಅದರಲ್ಲಿ ಗಿಟಾರಿನ ಸದ್ದಿಗೂ ಒಂದು ಬಟನ್ ಇತ್ತು. ಅವರು ಇವನನ್ನು ಕರೆದು ಮರಾಠಿಯಲ್ಲಿ ಹೇಳಿದ್ದು ಇಷ್ಟು: "ಈ ಬಟನ್ ಲೇಟಾಗಿ ಬರೋದಿಲ್ಲ, ಚಹಾ ಕೇಳೋದಿಲ್ಲ. ನೆರೂಳದ ಕಾರ್ಯಕ್ರಮದವರೆಗೆ ನೋಡ್ತೀನಿ. ಅಲ್ಲೂ ಸೊಳ್ಳೆ ಕೂಗಿದರೆ ಮಾರನೇ ದಿನದಿಂದ ಬಟನ್."

ನೆರೂಳದ ಕಾರ್ಯಕ್ರಮಕ್ಕೆ ಎರಡು ತಿಂಗಳಿತ್ತು.

ಒಳಗೆ ಏನಿಡುವವರು?

ಹೊಸ ಪೆಟ್ಟಿಗೆಗೆ ಒಬ್ಬ ಬಡಿಗೇರರನ್ನು ಹಿಡಿದೆ. ವಿಜಯಪುರದ ಕಡೆಯವರು. ಕಾಮೋಠೆಯಲ್ಲಿ ಏಳುತ್ತಿದ್ದ ಕಟ್ಟಡಗಳಿಗೆ ಬಾಗಿಲು ಕೂರಿಸುವುದು ಅವರ ಕಸುಬು. ತಲೆಗೆ ಸದಾ ರುಮಾಲು, ಕಿವಿಯ ಮೇಲೆ ಪೆನ್ಸಿಲ್. ನಾನು ಪ್ಲೈವುಡ್ಡನ್ನೂ ಅಳತೆಯ ಚೀಟಿಯನ್ನೂ ಕೊಟ್ಟೆ. ಅವರು ಚೀಟಿಯನ್ನು ಎರಡೂ ಬದಿ ತಿರುಗಿಸಿ ನೋಡಿದರು.

"ಹಿಂದಿನ ಹಲಗಿ ಬರಿಯೂದ ಮರ್ತೀರಿ, ಸರ."

"ಮರೆತಿಲ್ಲ. ಹಿಂದೆ ಹಲಗೆ ಬೇಡ, ತೆರೆದೇ ಇರಬೇಕು."

ಅವರು ಯಾಕೆ ಎಂದು ಕೇಳಿದರು.

ರದ್ದಿ ಅಂಗಡಿಯಿಂದ ತಂದ ಹಳೆಯ ವಿದೇಶಿ ಪತ್ರಿಕೆಗಳಲ್ಲಿ ನಾನು ಓದಿದ್ದೆ. ಸ್ಪೀಕರು ಮುಂದಕ್ಕೆ ಎಷ್ಟು ಸದ್ದು ಮಾಡುತ್ತದೋ ಬೆನ್ನಿನಿಂದಲೂ ಅಷ್ಟೇ ಸದ್ದು ಮಾಡುತ್ತದೆ. ಹಿಂಭಾಗ ತೆರೆದಿಟ್ಟರೆ ಆ ಸದ್ದು ಹಿಂದಿನ ಗೋಡೆಗೆ ಬಡಿದು ಮರಳಿ ಬಂದು ಮುಂದಿನದರ ಜೊತೆ ಬೆರೆಯುತ್ತದೆ. ಆಗ ಗಿಟಾರಿನ ದನಿ ಕೋಣೆಯ ತುಂಬ ಹರಡಿಕೊಳ್ಳುತ್ತದೆ. ಇದನ್ನೆಲ್ಲ ಕನ್ನಡದಲ್ಲಿ ಹೇಳಲು ನನಗೆ ಹತ್ತು ನಿಮಿಷ ಬೇಕಾಯಿತು. ನನ್ನ ಮಟ್ಟಿಗೆ ಅದು ದೊಡ್ಡ ಭಾಷಣ.

ಅವರು ಗಮನವಿಟ್ಟು ಕೇಳಿ, "ಅದೆಲ್ಲಾ ಖರೆ. ಒಳಗ ಏನಿಡಾವ್ರು?" ಎಂದರು.

"ಏನೂ ಇಡುವುದಿಲ್ಲ. ಮುಂದಿನ ಹಲಗೆಗೆ ಸ್ಪೀಕರ್ ಇರುತ್ತದೆ. ಒಳಗೆ ಬರೀ ಗಾಳಿ."

"ಗಾಳಿ."

"ಹೌದು."

ಅವರು ಪೆನ್ಸಿಲನ್ನು ಕಿವಿಯಿಂದ ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿದರು. "ಹೊರಗ ಇಷ್ಟ ಗಾಳಿ ಪುಕ್ಕಟ ಬಿದ್ದೈತಿ, ಸರ. ಅದಕ್ಕ ಪೆಟ್ಟಿಗಿ ಯಾಕ್ರಿ?"

ಕಾಕುವಿನ ತಾಟು

ಪೆಟ್ಟಿಗೆ ಸೊಗಸಾಗಿ ಬಂತು. ನಾಲ್ಕು ಮೂಲೆಗಳಲ್ಲಿ ಒಂದು ಮೊಳೆಯೂ ಕಾಣುತ್ತಿರಲಿಲ್ಲ. ಭಾನುವಾರ ನನ್ನ ಮನೆಯಲ್ಲಿ ಸ್ಪೀಕರ್ ಕೂರಿಸಿ, ಆಂಪ್ಲಿಫೈಯರನ್ನು ಅದರ ತಲೆಯ ಮೇಲಿಟ್ಟೆವು. ಗಿಟಾರಿಸ್ಟ್ ದಪ್ಪ ತಂತಿಯನ್ನು ಮೀಟಿದ. ದನಿ ತುಂಬಿಕೊಂಡು ಬಂತು. ಅವನ ಮುಖ ಅರಳಿತು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು.

ಕೆಳಗಿನ ಮನೆಯ ಕಾಕು. ಮರಾಠಿಯವರು, ನಿವೃತ್ತ ಶಿಕ್ಷಕಿ. ಅವರ ಅಡುಗೆಮನೆಯ ಗೋಡೆಗೆ ಸಾಲಾಗಿ ಸ್ಟೀಲ್ ತಾಟುಗಳನ್ನು ನಿಲ್ಲಿಸುವ ಮಾಂಡಣಿ ಇತ್ತು. ನಮ್ಮ ತಂತಿ ಮೀಟಿದಾಗ ಅದರಲ್ಲಿ ಮೂರನೆಯ ತಾಟು ತಾನಾಗಿ ಝಣಗುಡುತ್ತಿದೆಯಂತೆ.

ಪೆಟ್ಟಿಗೆಯನ್ನು ನೆಲದ ಮೇಲಿಟ್ಟರೆ ಅದರ ದಪ್ಪ ದನಿಗಳಿಗೆ ನೆಲವೂ ಕೈ ಜೋಡಿಸುತ್ತದೆ. ಸ್ಟೂಲಿನ ಮೇಲಿಟ್ಟರೆ ಅವು ಕಡಿಮೆಯಾಗುತ್ತವೆ. ನಾವು ಸ್ಟೂಲಿನ ಮೇಲಿಟ್ಟು ಮೀಟಿದೆವು. ನಾನು ಕಿಟಕಿಯಿಂದ ಬಗ್ಗಿ, "ಕಾಕು, ಈಗ?" ಎಂದು ಕೂಗಿದೆ.

"ನಾಹೀ ವಾಜಲಂ!" ಎಂದರು ಕೆಳಗಿನಿಂದ. ತಾಟು ಝಣಗುಡಲಿಲ್ಲ ಎಂದು.

ಸ್ಟೂಲಿನ ಬದಲು ಎರಡು ಇಟ್ಟಿಗೆ ಇಟ್ಟು ಮೀಟಿದೆವು.

"ಥೋಡಂ ವಾಜಲಂ!"

ಕಾರ್ಖಾನೆಯಲ್ಲಿ ನನ್ನ ಮೇಜಿನ ಮೇಲೆ ದುಬಾರಿ ಮೀಟರುಗಳಿದ್ದವು. ಮನೆಯಲ್ಲಿ ಕಾಕು ಇದ್ದರು. ಅಂದಿನಿಂದ ಪೆಟ್ಟಿಗೆಯನ್ನು ಒಂದು ಗೇಣು ಸರಿಸಿದರೂ ಅವರನ್ನು ಕೇಳಿಯೇ ಮುಂದಿನ ಕೆಲಸ. ಅವರೂ ತರಕಾರಿ ಹೆಚ್ಚುತ್ತಲೇ ಫಲಿತಾಂಶ ಹೇಳುತ್ತಿದ್ದರು.

ಒಂದು ವಾರ ನನಗೆ ಓವರ್‌ಟೈಮ್ ಬಿದ್ದು ಪೆಟ್ಟಿಗೆಯ ತಂಟೆಗೆ ಹೋಗಲಿಲ್ಲ. ಕಾಕು ತಾವಾಗಿ ಮೇಲೆ ಬಂದರು. ಬಾಗಿಲಲ್ಲೇ ನಿಂತು ತಗ್ಗಿದ ದನಿಯಲ್ಲಿ ಕೇಳಿದರು: "ಎಂಟು ದಿನದಿಂದ ತಾಟು ಸುಮ್ಮನಿದೆ. ತಾಟು ಕೆಟ್ಟಿತೋ, ನಿಮ್ಮ ಪೆಟ್ಟಿಗೆ ಕೆಟ್ಟಿತೋ?"

ಹಸಿರು ಗಾಳಿ

ಠಾಣೆಯ ಒಂದು ಮೈದಾನದಲ್ಲಿ ಆರ್ಕೆಸ್ಟ್ರಾದ ಕಾರ್ಯಕ್ರಮವಿತ್ತು. ಪೆಟ್ಟಿಗೆಯನ್ನು ಅಲ್ಲಿ ಪರೀಕ್ಷಿಸೋಣ ಎಂದು ನಾನು, ಗಿಟಾರಿಸ್ಟ್, ಬಡಿಗೇರರು ಮೂವರೂ ಹೊರಟೆವು. ತಮ್ಮ ಕೆಲಸ ಹೇಗೆ ಕೂಗುತ್ತದೆ ಎಂದು ಬಡಿಗೇರರಿಗೂ ನೋಡಬೇಕಿತ್ತು. ಡೊಂಬಿವಲಿಯಿಂದ ಲೋಕಲ್‌ನ ರೈಲಿನ ಲಗೇಜ್ ಡಬ್ಬಿ ಹತ್ತಿದೆವು. ಹಾಲಿನ ಕ್ಯಾನು, ಮೀನಿನ ಬುಟ್ಟಿ, ತರಕಾರಿ ಗಂಟುಗಳ ನಡುವೆ ಪೆಟ್ಟಿಗೆಗೆ ಜಾಗ ಸಿಕ್ಕಿತು. ಅದರ ಬೆನ್ನು ಯಾವ ಕಡೆಗಿದೆ ಎಂದು ನಾವ್ಯಾರೂ ನೋಡಲಿಲ್ಲ.

ಠಾಣೆಯಲ್ಲಿ ನೂಕುನುಗ್ಗಲಿನಲ್ಲಿ ಇಳಿದು ಸೇತುವೆ ಹತ್ತುತ್ತಿದ್ದಾಗ ಹಿಂದಿನಿಂದ ಒಬ್ಬ ಹೆಂಗಸು ಕೂಗುತ್ತ ಓಡಿಬಂದಳು. "ಚೋರ್! ಚೋರ್! ಪಕಡಾ ತ್ಯಾಲಾ!" ಜನ ಸುತ್ತುಗಟ್ಟಿದರು. ರೈಲ್ವೆ ಪೊಲೀಸಿನವನೊಬ್ಬ ಬಂದು ಪೆಟ್ಟಿಗೆಯನ್ನು ಲಾಠಿಯಿಂದ ತಟ್ಟಿದ.

"ಅಂದರ್ ಕ್ಯಾ ಹೈ?"

ಗಿಟಾರಿಸ್ಟ್ ಬಾಯಿ ತೆರೆಯುವ ಮೊದಲೇ ಬಡಿಗೇರರು ಮುಂದೆ ಬಂದರು. ನಾನು ಕಲಿಸಿದ ಪಾಠವನ್ನು ಅವರು ಅಷ್ಟು ಹೊತ್ತಿಗೆ ನಂಬಿಬಿಟ್ಟಿದ್ದರು. ಎದೆ ಉಬ್ಬಿಸಿ, "ಕುಛ್ ನಹೀಂ, ಸಾಬ್. ಖಾಲೀ ಹವಾ," ಎಂದರು.

ಪೊಲೀಸಿನವನು ಹಿಂದಕ್ಕೆ ಹೋಗಿ, ಪೆಟ್ಟಿಗೆಯೊಳಗೆ ಕೈ ಹಾಕಿ, ಒಂದು ಕಟ್ಟು ಮೆಂತ್ಯ ಸೊಪ್ಪು ತೆಗೆದ. ಮತ್ತೊಂದು ತೆಗೆದ. ಹನ್ನೊಂದು ಕಟ್ಟು ಬಂತು. ತುಂಬಿದ ಡಬ್ಬಿಯಲ್ಲಿ ಬೇರೆಲ್ಲೂ ಜಾಗವಿಲ್ಲದೆ ಆಕೆ ಹಿಂದೆ ಬಾಯಿ ತೆರೆದಿದ್ದ ಪೆಟ್ಟಿಗೆಯೊಳಗೆ ಇಟ್ಟಿದ್ದಳು.

ಪೊಲೀಸಿನವನು ಕೊನೆಯ ಕಟ್ಟನ್ನು ಮೂಸಿ ನೋಡಿ ಹೇಳಿದ: "ಡೊಂಬಿವಲೀ ಕೀ ಹವಾ ಬಹುತ್ ತಾಜೀ ಹೈ."

ಬಾಗಿಲು

ಮೈದಾನದಲ್ಲಿ ನಗುವಂಥದೇನೂ ಆಗಲಿಲ್ಲ. ಪತ್ರಿಕೆಯಲ್ಲಿ ಬರೆದವರ ಊರಿನಲ್ಲಿ ಎಲ್ಲರೂ ಗೋಡೆಗಳ ನಡುವೆ ನುಡಿಸುತ್ತಾರೆಂದು ಕಾಣುತ್ತದೆ. ಬಯಲಿನ ವೇದಿಕೆಗೆ ಹಿಂದೆ ಗೋಡೆಯಿರಲಿಲ್ಲ, ಬಟ್ಟೆಯ ಪರದೆ ಇತ್ತು. ಬೆನ್ನಿನಿಂದ ಹೊರಟ ಸದ್ದು ಹಾಗೇ ಹೊರಟುಹೋಯಿತು, ಮರಳಿ ಬರಲಿಲ್ಲ. ಸೊಳ್ಳೆ ಕೂಗಿತು. ಮಾಲೀಕರು ಗಿಟಾರಿಸ್ಟನನ್ನು ನೋಡುತ್ತ ಬಟನ್ ಒತ್ತಿ, ಅವನು ನುಡಿಸಿದ ಸಾಲನ್ನೇ ಕೀಬೋರ್ಡಿನಲ್ಲಿ ಒಮ್ಮೆ ನುಡಿಸಿ ತೋರಿಸಿದರು, ಅಷ್ಟೆ.

ವಾಪಸು ಬರುವಾಗ ರೈಲು ಮುಂಬ್ರಾ ದಾಟಿದ ಮೇಲೆ ಗಿಟಾರಿಸ್ಟ್, "ಅಂಕಲ್, ಮೇರೇಕೋ ಔರ್ ಕುಛ್ ಆತಾ ನಹೀಂ," ಎಂದ.

ಸೊಳ್ಳೆ ಕೂಗಿದ ಕಾರಣ ಬಡಿಗೇರರಿಗೆ ಸ್ಪಷ್ಟವಾಗಿತ್ತು. "ಬಾಗ್ಲಾ ಇದ್ದಿದ್ರ ಮೆಂತೆನೂ ಒಳಗ ಬರ್ತಿದ್ದಿಲ್ಲ, ಸದ್ದೂ ಹೊರಗ ಹೋಗ್ತಿದ್ದಿಲ್ಲ."

ಒಪ್ಪಿದೆ. ಹಿಂಭಾಗ ಮುಚ್ಚಿದ ಪೆಟ್ಟಿಗೆಗಳೂ ಇರುತ್ತವೆ. ಒಂದು ಹಲಗೆ ಹೊಡೆಯಿರಿ ಎಂದೆ. ಆದರೆ ಅವರು ಬಾಗಿಲಿನ ಮನುಷ್ಯ. ಮುಂದಿನ ಭಾನುವಾರ ಪೆಟ್ಟಿಗೆಯ ಬೆನ್ನಿಗೆ ಹಿತ್ತಾಳೆಯ ಎರಡು ತಿರುಗಣೆ, ಒಂದು ಹಿಡಿಕೆ, ಒಂದು ಚಿಲಕ ಇದ್ದ ತೇಗದ ಬಾಗಿಲು ಬಂದಿತ್ತು. ಸಂದಿನಲ್ಲಿ ಕಾಗದವೂ ತೂರದಷ್ಟು ಬಿಗಿ.

ಚಿಲಕ ಹಾಕಿ ಮೀಟಿದೆವು. ಸೊಳ್ಳೆ ಹೋಗಿತ್ತು. ಅದರ ಜಾಗದಲ್ಲಿ ಯಾರೋ ನೀರಿನ ಡ್ರಮ್ಮಿನೊಳಗೆ ತಲೆ ತೂರಿಸಿ ಮಾತಾಡುತ್ತಿದ್ದರು. ಬೆನ್ನಿನ ಸದ್ದು ಹೊರಹೋಗಲಾರದೆ ಪೆಟ್ಟಿಗೆಯೊಳಗೇ ಗೋಡೆಯಿಂದ ಗೋಡೆಗೆ ಬಡಿಯುತ್ತಿತ್ತು.

ನಾನು ಕಿಟಕಿಯಿಂದ ಬಗ್ಗಿದೆ. ಕೇಳುವ ಮೊದಲೇ ಕೆಳಗಿನಿಂದ ಉತ್ತರ ಬಂತು: "ಸಗಳಂ ವಾಜಲಂ! ಲೋಟಗಳೂ ಸೇರಿ!"

ಆರು ಶಾಲು

ನೆರೂಳದ ಕಾರ್ಯಕ್ರಮ ಅಲ್ಲಿಯ ಕನ್ನಡಿಗರ ಸಂಘದ ವಾರ್ಷಿಕೋತ್ಸವ. ಮೇ ತಿಂಗಳು, ಬಯಲು ವೇದಿಕೆ. ಪೆಟ್ಟಿಗೆಯನ್ನು ಟೆಂಪೋದಲ್ಲಿ ಶಿಳ್ ಫಾಟಾ, ಮಹಾಪೆ ದಾಟಿಸಿ ತಂದು ವೇದಿಕೆಯ ಮೇಲಿಟ್ಟೆವು. ಬಾಗಿಲು ತೆರೆದರೆ ಸೊಳ್ಳೆ, ಮುಚ್ಚಿದರೆ ಡ್ರಮ್ಮು. ಎರಡರಲ್ಲಿ ಡ್ರಮ್ಮೇ ವಾಸಿ ಎಂದು ಚಿಲಕ ಹಾಕಿ ಚಹಾ ಕುಡಿಯಲು ಹೋದೆವು. ಸಂಘದ ಕಾರ್ಯದರ್ಶಿಗಳು ಒಂದು ಗಂಟು ಹಿಡಿದುಕೊಂಡು ಅತ್ತಿತ್ತ ಓಡಾಡುತ್ತಿದ್ದರು. "ಇದನ್ನು ಇಡಲಿಕ್ಕೆ ಎಲ್ಲಾದರೂ ಒಂದು ಕಪಾಟು ಉಂಟಾ ಮಾರಾಯ್ರೆ?" ಎಂದು ನನ್ನನ್ನೂ ಕೇಳಿದರು. ಗೊತ್ತಿಲ್ಲ ಎಂದೆ.

ಕಾರ್ಯಕ್ರಮ ಶುರುವಾಯಿತು. ಗಿಟಾರಿಸ್ಟ್ ಮೊದಲ ಸ್ವರ ಮೀಟಿದಾಗ ನಾನು ಕುರ್ಚಿಯಿಂದ ಅರ್ಧ ಎದ್ದೆ. ಸೊಳ್ಳೆಯಿಲ್ಲ, ಡ್ರಮ್ಮಿಲ್ಲ. ದನಿ ತುಂಬಿತ್ತು, ಬಿಗಿಯಾಗಿತ್ತು, ಪ್ರತಿ ಸ್ವರವೂ ಬಿಡಿಯಾಗಿ ಕೇಳುತ್ತಿತ್ತು. ಕೀಬೋರ್ಡಿನ ಹಿಂದೆ ಕೂತಿದ್ದ ಮಾಲೀಕರು ಬಟನಿನ ಹತ್ತಿರವಿಟ್ಟಿದ್ದ ಬೆರಳನ್ನು ತೆಗೆದರು. ಪಕ್ಕದಲ್ಲಿದ್ದ ಬಡಿಗೇರರು, "ತೇಗ, ಸರ," ಎಂದರು. ನನಗೆ ನಂಬಿಕೆಯಾಗಲಿಲ್ಲ, ಆದರೆ ಬೇರೆ ಕಾರಣವೂ ಹೊಳೆಯಲಿಲ್ಲ.

ಕಾರಣ ನಡುವಿನಲ್ಲಿ ತಿಳಿಯಿತು. ಆರು ಮಂದಿ ಹಿರಿಯರಿಗೆ ಸನ್ಮಾನವಿತ್ತು. ಕಾರ್ಯದರ್ಶಿಗಳು ವೇದಿಕೆಯ ಹಿಂದಿನಿಂದ ಬಂದು, ನಮ್ಮ ಪೆಟ್ಟಿಗೆಯ ಚಿಲಕ ತೆಗೆದು, ಒಳಗಿನಿಂದ ಆರು ಉಣ್ಣೆಯ ಶಾಲುಗಳನ್ನು ತೆಗೆದರು. ಅವರಿಗೆ ಕಪಾಟು ಸಿಕ್ಕಿತ್ತು. ಒಳಗೆ ಬಡಿದಾಡುತ್ತಿದ್ದ ಸದ್ದನ್ನು ಅಷ್ಟು ಹೊತ್ತೂ ಆ ಉಣ್ಣೆ ಹೀರಿಕೊಂಡಿತ್ತು.

ಸನ್ಮಾನ ಮುಗಿದು ಹಾಡು ಶುರುವಾದಾಗ ಡ್ರಮ್ಮು ಮರಳಿ ಬಂದಿತ್ತು. ಗಿಟಾರಿಸ್ಟ್ ಬೆಚ್ಚಿ ನನ್ನನ್ನು ಹುಡುಕಿದ. ಮಾಲೀಕರ ಬೆರಳು ಬಟನಿನ ಕಡೆ ಹೊರಟಿತು. ಮುಂದಿನ ಸಾಲಿನಲ್ಲಿ ಆರು ಹಿರಿಯರು ಮೇ ತಿಂಗಳ ಸೆಕೆಯಲ್ಲಿ ಶಾಲು ಹೊದ್ದು ಬೆವರುತ್ತಿದ್ದರು.

ನಾನು ಕಾರ್ಯದರ್ಶಿಗಳ ಕಿವಿಯಲ್ಲಿ ನಾಲ್ಕು ಮಾತು ಹೇಳಿದೆ. ಅವರು ಶಿಸ್ತಿನ ಮನುಷ್ಯ. ಹಾಡು ಮುಗಿಯುತ್ತಿದ್ದಂತೆ ಮೈಕ್ ಹಿಡಿದು ಘೋಷಿಸಿದರು: "ಸನ್ಮಾನಿತರಾದ ಮಹನೀಯರು ದಯವಿಟ್ಟು ತಮ್ಮ ಶಾಲುಗಳನ್ನು ಗಿಟಾರ್ ವಾದಕರಿಗೆ ಒಪ್ಪಿಸಬೇಕಾಗಿ ವಿನಂತಿ."

ಸಭೆ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿತು. ಐವರು ಸಂತೋಷದಿಂದ ಎದ್ದರು. ಆರನೆಯವರು ನಿವೃತ್ತ ಮೇಷ್ಟ್ರು. ಪಕ್ಕದವರನ್ನು ಕೇಳಿದರು: "ಇಷ್ಟು ಬೇಗ ನನ್ನಿಂದ ಏನು ತಪ್ಪಾಯಿತು?"

ಆರು ಹಿರಿಯರು ಸಾಲಾಗಿ ವೇದಿಕೆ ಹತ್ತಿ ಒಂದೊಂದು ಶಾಲನ್ನು ಗಿಟಾರಿಸ್ಟ್‌ನ ಕೈಗಿತ್ತರು. ಅವನು ಸಂಕೋಚದಿಂದ ಪ್ರತಿಯೊಬ್ಬರಿಗೂ ಬಗ್ಗಿ ಕೈಮುಗಿದ. ಬಡಿಗೇರರು ಹಿಂದಿನಿಂದ ಎಲ್ಲವನ್ನೂ ತೆಗೆದುಕೊಂಡು ಹೋಗಿ ಒಳಗಿಟ್ಟು ಚಿಲಕ ಹಾಕಿದರು. ಮುಂದಿನ ಹಾಡಿಗೆ ದನಿ ಮರಳಿತು. ಕೊನೆಯವರೆಗೂ ಇತ್ತು.

ಕಾರ್ಯಕ್ರಮ ಮುಗಿದು ಹಿರಿಯರು ವೇದಿಕೆಯ ಹಿಂದೆ ತಮ್ಮ ಶಾಲು ಮರಳಿ ಪಡೆದು ಹೋದ ಮೇಲೆ ಮಾಲೀಕರು ನಮ್ಮ ಕಡೆ ಬಂದರು. ಅವರಿಗೆ ಕನ್ನಡ ಒಂದಕ್ಷರವೂ ಬರುತ್ತಿರಲಿಲ್ಲ ಎಂಬುದು ನನಗೆ ಆಗಲೇ ನೆನಪಾದದ್ದು. ಅವರ ಕಣ್ಣು ಒದ್ದೆಯಾಗಿತ್ತು.

"ಮೂವತ್ತು ವರ್ಷದಿಂದ ಸ್ಟೇಜಿನಲ್ಲಿದ್ದೇನೆ," ಎಂದರು ಮರಾಠಿಯಲ್ಲಿ. "ತಮಗೆ ಹೊದಿಸಿದ ಶಾಲನ್ನು ತೆಗೆದು ಆರು ಹಿರಿಯರು ಒಬ್ಬ ಕಲಾವಿದನಿಗೆ ಕೊಟ್ಟದ್ದನ್ನು ಎಲ್ಲೂ ಕಂಡಿಲ್ಲ. ಆ ಮೇಲೆ ಇವನ ಕೈ ಹೇಗೆ ಅರಳಿತು! ನಾನು ಇವನ ಹತ್ತಿರ ಬಟನಿನ ಮಾತಾಡಿದೆನಲ್ಲ!"

ಗಿಟಾರಿಸ್ಟ್ ನನ್ನ ಮುಖ ನೋಡಿದ. ನಾನು ಮಾತು ಕಡಿಮೆಯವನು. ಆ ದಿನ ಅದು ಉಪಯೋಗಕ್ಕೆ ಬಂತು.

ಮಾಲೀಕರು ತಮ್ಮ ಹೆಗಲ ಮೇಲಿದ್ದ ಜರಿಯಂಚಿನ ಶಾಲನ್ನು ತೆಗೆದು ಅವನಿಗೆ ಹೊದಿಸಿ, "ನಾಳೆ ಕಲ್ಯಾಣದ ಕಾರ್ಯಕ್ರಮ. ಐದು ಗಂಟೆಗೆ ಬಾ. ಲೇಟಾದರೂ ಅಡ್ಡಿಯಿಲ್ಲ," ಎಂದು ಬೆನ್ನು ತಟ್ಟಿ ಹೋದರು.

ಅವರು ವೇದಿಕೆಯ ಮೆಟ್ಟಿಲು ಇಳಿಯುವುದನ್ನೇ ಬಡಿಗೇರರು ಕಾಯುತ್ತಿದ್ದರು. ಗಿಟಾರಿಸ್ಟ್‌ನ ಹೆಗಲಿನಿಂದ ಶಾಲನ್ನು ಎಳೆದುಕೊಂಡು, ಬೆರಳಲ್ಲಿ ಅದರ ದಪ್ಪ ನೋಡಿ, ನಾಲ್ಕು ಮಡಿಕೆ ಮಾಡಿ, ಪೆಟ್ಟಿಗೆಯೊಳಗಿಟ್ಟು ಚಿಲಕ ಹಾಕಿದರು.

"ತೆಳು ಐತಿ," ಎಂದರು. "ಇನ್ನೊಂದ್ ಐದ್ ಸನ್ಮಾನ ಮಾಡಿಸ್ರಿ."