ಪುಕ್ಕಟೆ ಆರತಿ ಹಾಡು

ಹಾಡಿಗೆ ದುಡ್ಡು ಕೊಡುವ ಪೆದ್ದರು ನಾಗರಬಾವಿಯಲ್ಲಿ ಬೇಕಾದಷ್ಟು ಮಂದಿ ಇರಬಹುದು, ಆ ಪೈಕಿ ಈ ಸೇತುರಾಮ ಇಲ್ಲ! ಮಗಳು ಮೇಧಾಳ ಸೀಮಂತಕ್ಕೆ ಮುಂಚೆ ಹೀಗೆ ಗುಡುಗಿದವನು ನಾನೇ.

ಆರತಿ ಹಾಡಬೇಕಿದ್ದ ಪಕ್ಕದ ಮನೆಯ ಅಲಮೇಲು ಅವರಿಗೆ ಗಂಟಲು ಕಟ್ಟಿತ್ತು.

"ಅವರು ಹಾಡಿರೋದು ಆನ್‌ಲೈನಲ್ಲಿ ಮಾರಾಟಕ್ಕಿದೆ. ಕೊಂಡ್ಕೊಂಡ್ಬಿಡಿ," ಎಂದಳು ಹೆಂಡತಿ ಸೀತಾ.

"ಅದೇ ಹಾಡು ಇನ್ನೊಂದ್ ಕಡೆ ಪುಕ್ಕಟೆ ಸಿಗುತ್ತೆ ಕಣೇ."

"ಫೋನಿಗೆ ವೈರಸ್ ಹತ್ಕೊಳ್ಳುತ್ತೆ! ಅದೂ ಪಕ್ಕದ ಮನೆಯೋರ ಹಾಡನ್ನೇ ಕದೀತೀರಾ?"

"ಕದಿಯೋದಲ್ಲ, ಇಳಿಸ್ಕೊಳ್ಳೋದು!"

ಇಳಿಸಿಕೊಂಡೆ. ಆ ಪುಕ್ಕಟೆ ಹಾಡಿನ ಆ್ಯಪ್ ನನ್ನ ಹೆಸರು ಕೇಳಿತು, ಕೊಟ್ಟೆ. ನಂಬರು ಕೇಳಿತು, ಕೊಟ್ಟೆ. 'ಒಂಟಿಯಾಗಿದ್ದೀರಾ?' ಎಂದು ಕೇಳಿತು. ಸೀತಾ ಅಡುಗೆಮನೆಗೆ ಹೋಗಿದ್ದಳು, ರೂಮಿನಲ್ಲಿ ನಾನೊಬ್ಬನೇ ಇದ್ದೆ. 'ಹೌದು' ಒತ್ತಿದೆ.

ಸೀಮಂತದ ದಿನ ಹಾಲ್ ತುಂಬ ನೆಂಟರು. ಹಸೆಯ ಮೇಲೆ ಮೇಧಾ, ಪಕ್ಕದಲ್ಲಿ ಅಳಿಯ ಶ್ರೀರಾಮ್. ಮುತ್ತೈದೆಯರು ಆರತಿ ತಟ್ಟೆ ಎತ್ತಿದರು. ನಾನು ಸ್ಪೀಕರಿಗೆ ಫೋನ್ ಜೋಡಿಸಿ ಗತ್ತಿನಿಂದ ಹಾಡು ಹಚ್ಚಿದೆ. ಮೊದಲ ನುಡಿ ಅಮೃತದಂತೆ ಹರಿಯಿತು. ಎರಡನೆಯದರ ಹೊತ್ತಿಗೆ ಹಾಡು ನಿಂತು ಗಂಡಸೊಬ್ಬನ ದನಿ ಮೊಳಗಿತು: "ಒಂಟಿತನ ಕಾಡುತ್ತಿದೆಯೇ? ಎರಡನೇ ಮದುವೆಗೆ ಇಂದೇ ನೋಂದಾಯಿಸಿ!"

ಬೀಗಿತ್ತಿ ತಮ್ಮ ಮಗನನ್ನು ದುರುಗುಟ್ಟಿ ನೋಡಿದರು. "ಇದು ನಿನ್ನ ಫೋನೇನೋ?"

"ನಂದಲ್ಲಮ್ಮ, ಮಾವಂದು."

ಇಡೀ ಹಾಲ್ ನನ್ನತ್ತ ತಿರುಗಿತು. ಜಾಹೀರಾತು ಮುಚ್ಚುವ ಗುರುತು ಒತ್ತಿದೆ. ಇನ್ನೊಂದು ಜಾಹೀರಾತು ತೆರೆಯಿತು. ಅದನ್ನೂ ಒತ್ತಿದೆ, ಆ ಗಂಡಸಿನ ದನಿ ಮತ್ತಷ್ಟು ಜೋರಾಯಿತು. ಆರತಿ ಹಿಡಿದವರ ಕೈ ಅರ್ಧಕ್ಕೇ ನಿಂತಿತ್ತು, ಬತ್ತಿಗಳು ಸಣ್ಣಗಾಗುತ್ತಿದ್ದವು. ಮೇಧಾಳ ಕಣ್ಣಲ್ಲಿ ನೀರು ತುಂಬಿತು. ಚೊಚ್ಚಲ ಬಸುರಿ ಮಗಳನ್ನು ಹಸೆಯ ಮೇಲೆ ಅಳಿಸಿದ ಅಪ್ಪ ನಾನು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸೀತಾ ಸ್ಪೀಕರಿನ ವೈರನ್ನೇ ಕಿತ್ತೆಸೆದಳು. ಆಗ ಅಲಮೇಲು ಎದ್ದು ಬಂದರು.

"ಅದು ನನ್ನ ದನಿ ಅಲ್ವಾ ಸಾರ್? ಮಧ್ಯೆ ಈ ಗಂಡಸು ಯಾರು?"

ನಾನು ಫೋನನ್ನು ಜೇಬಿಗೆ ತುರುಕಿದೆ. ಅವರು ಮತ್ತೇನೂ ಕೇಳದೆ ಮೇಧಾಳ ಕಣ್ಣೊರೆಸಿ, ಆ ಕಟ್ಟಿದ ಗಂಟಲಲ್ಲೇ ಹಾಡು ಮುಗಿಸಿಕೊಟ್ಟರು. ಆರತಿ ಆಯಿತು, ಮಗಳು ನಕ್ಕಳು. ನನಗೆ ಮಾತ್ರ ಅವರ ಮುಖ ನೋಡುವ ಧೈರ್ಯ ಬರಲಿಲ್ಲ.

ಊಟಕ್ಕೆ ಕೂತಾಗ ನನ್ನ ಫೋನ್ ಬಡಿದುಕೊಂಡಿತು. ನಾನು ಮುಟ್ಟುವ ಮೊದಲೇ ಸೀತಾ ಎತ್ತಿಕೊಂಡು ಸ್ಪೀಕರ್ ಒತ್ತಿದಳು.

"ಸೇತುರಾಮ ಸಾರ್ ಇದಾರಾ? ಎರಡನೇ ಮದುವೆಗೆ ರಿಜಿಸ್ಟರ್ ಮಾಡ್ಕೊಂಡಿದಾರೆ. ಹುಡುಗಿ ಹೇಗಿರ್ಬೇಕು ಅಂತ ಕೇಳೋಣ ಅಂತ."

ಬೀಗರು ತುತ್ತು ಎತ್ತುವುದನ್ನು ಮರೆತರು. ಸೀತಾ ಸಾವಧಾನವಾಗಿ ಹೇಳಿದಳು:

"ಹೇಗಿದ್ರೂ ಆಗುತ್ತಪ್ಪ. ಪುಕ್ಕಟೆ ಸಿಕ್ಕಿದ್ರೆ ನಮ್ಮೆಜಮಾನ್ರು ವೈರಸ್ಸನ್ನೂ ಮನೆ ತುಂಬಿಸ್ಕೋತಾರೆ."